ತಾರವ್ವನ ಬೇರೆ ಒಲೆ

ಒಂದೇ ಮನೆಯ ಜೋಳ ಎರಡು ಚೀಲದಲ್ಲಿ ಬಂದರೆ ಗಿರಣಿಯವನು ಏನೆಂದು ತಿಳಿಯಬೇಕು? ಅಣ್ಣತಮ್ಮಂದಿರು ಬೇರೆಯಾಗಿದ್ದಾರೆ, ಇಲ್ಲವೇ ಅತ್ತೆ ಸೊಸೆಗೆ ಕೂಡಿಬರುತ್ತಿಲ್ಲ ಎಂದು ತಿಳಿಯಬೇಕು. ಇಷ್ಟು ವರ್ಷ ಬೀಸುವ ಕಲ್ಲಿನ ಮುಂದೆ ನಿಂತು ನಾನು ಕಲಿತ ವಿದ್ಯೆ ಅಷ್ಟೇ. ಹಾಗಾಗಿ ಆವತ್ತು ಕುರಿಗಾರರ ಹಟ್ಟಿಯ ತಾರವ್ವ ಒಂದು ದೊಡ್ಡ ಚೀಲ, ಒಂದು ಸಣ್ಣ ಚೀಲ ತಂದಿಟ್ಟಾಗ ನನಗೆ ನಗು ಬಂತು.

"ಜ್ಞಾನದೇವಣ್ಣ, ಇದನ್ನ ಬ್ಯಾರೆ ಬೀಸು, ಅದನ್ನ ಬ್ಯಾರೆ ಬೀಸು. ಒಂದರ ಹಿಟ್ಟ ಒಂದರಾಗ ಬೀಳಬಾರ್ದು ನೋಡ."

ಅವರ ಮನೆಯಲ್ಲಿ ಇರುವುದೇ ಮೂವರು. ಅವಳು, ಅವಳ ಗಂಡ ಮಲಕಾರಿ, ಚೊಚ್ಚಲ ಹೆರಿಗೆಗೆ ಬಂದ ಮಗಳು ಕೋಮಲ. ಬೇರೆಯಾಗಲು ಅಲ್ಲಿ ಯಾರಿದ್ದಾರೆ?

"ಸಣ್ಣ ಚೀಲ ಯಾರದ ಬೇ?" ಎಂದೆ.

"ಆ ಮನಷ್ಯಾಂದು. ನಾ ಬ್ಯಾರೆ ಒಲಿ ಹೂಡೇನಿ."

ನಾನು ಗಿರಣಿ ಬಂದ್ ಮಾಡಿದೆ. ಪಟ್ಟೆಯ ಸದ್ದು ನಿಂತ ಮೇಲೆ ಅವಳ ಮುಖ ನೋಡಿದೆ. ತಮಾಷೆ ಮಾಡುವ ಮುಖವಾಗಿರಲಿಲ್ಲ ಅದು. ಕಣ್ಣು ಕೆಂಪಾಗಿತ್ತು, ತುಟಿ ಬಿಗಿಯಾಗಿತ್ತು.

ತಾರವ್ವ ಎಂಥವಳೆಂದು ಮೊದಲು ಹೇಳಬೇಕು. ಮುಗಳಖೋಡ ಕಡೆಯ ಹಟ್ಟಿಯಲ್ಲಿ ಹುಟ್ಟಿ ಲಗ್ನವಾಗಿ ನಮ್ಮೂರಿಗೆ ಬಂದವಳು. ಕಡ್ಡಿಯಂಥ ಮೈ, ಗಂಟಲು ಮಾತ್ರ ಕಹಳೆ. ಸಿದ್ಧನ ಮಡ್ಡಿಯ ಮೇಲೆ ನಿಂತು ಕುರಿಗೆ ಬೈದರೆ ನನ್ನ ಗಿರಣಿಯ ಸದ್ದಿನೊಳಗೂ ಕೇಳುತ್ತಿತ್ತು. ಮಡ್ಡಿ ಅಂದರೆ ಊರ ಪಡುವಲಿಗಿರುವ ಕಲ್ಲುನೆಲದ ದಿಣ್ಣೆ. ಮೇಲೆ ಸಿದ್ಧನ ಗುಡಿ, ಕೆಳಗೆ ಹಳ್ಳ, ಹಳ್ಳದ ದಂಡೆಯಲ್ಲಿ ಹಟ್ಟಿಯ ಬಾವಿ. ಸುಗ್ಗಿ ಮುಗಿದ ಮೇಲೆ ಗಂಡಹೆಂಡತಿ ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಇಳಿಯುತ್ತಿದ್ದರು. ರೈತರ ಹೊಲದಲ್ಲಿ ರಾತ್ರಿ ಕುರಿ ತರುಬಿದರೆ ಹೊಲಕ್ಕೆ ಗೊಬ್ಬರ, ಇವರಿಗೆ ಕಾಳು. ಕೋಮಲ ಹುಟ್ಟಿದ್ದು ಹಾಗೆಯೇ, ಕುಡಚಿಯ ಹತ್ತಿರ ಯಾರದೋ ಕಬ್ಬು ಕಡಿದ ಹೊಲದಲ್ಲಿ, ಕಂಬಳಿಯ ಮರೆಯಲ್ಲಿ. "ನನ್ನ ಮಗಳ ಬಾಣಂತನ ಮಾತ್ರ ಮಾಡಿನ ಕೆಳಗ ಆಗಬೇಕು" ಎಂದು ತಾರವ್ವ ಅಂದೇ ಹಟ ತೊಟ್ಟಿದ್ದಳಂತೆ.

ಮಲಕಾರಿ ಅವಳಿಗೆ ಪೂರಾ ತದ್ವಿರುದ್ಧ. ಮಾತಿನಲ್ಲಿ ಅವನು ಮಾಡುವಷ್ಟು ಜಿಪುಣತನವನ್ನು ಮುತ್ತು ಎಣಿಸಿ ಕೊಡುವವನೂ ಮಾಡಲಾರ. ಆದರೆ ಆಡಿದ ಮಾತು ಆಡಿದ್ದೇ. ಒಮ್ಮೆ ಟಗರು ಮಾರುವಾಗ ಅದಕ್ಕೆ ಕೆಮ್ಮು ಇದೆಯೆಂದು ತಾನೇ ಕೊಳ್ಳುವವನಿಗೆ ಹೇಳಿ, ಟಗರನ್ನು ವಾಪಸು ಹೊಡೆದುಕೊಂಡು ಬಂದ. ಆ ದಿನ ತಾರವ್ವ ಬೈದ ಬೈಗುಳ ಇಡೀ ಊರಿಗೆ ಬಾಯಿಪಾಠ ಇದೆ. ಆದರೂ ಊರಲ್ಲಿ ಅವರಷ್ಟು ಹೊಂದಿಕೊಂಡ ಗಂಡಹೆಂಡತಿಯನ್ನು ನಾನು ನೋಡಿಲ್ಲ. ನಾನೂ ನನ್ನ ಹೆಂಡತಿಯೂ ಆ ಲೆಕ್ಕಕ್ಕೆ ಬರುವವರಲ್ಲ.

ಇಂಥವರ ನಡುವೆ ವಿಮಾನ ಬಂತು.

ಮಡ್ಡಿಯ ಅರ್ಧ ನೆಲವನ್ನು ಒಂದು ಕಂಪನಿ ಸಪಾಟು ಮಾಡಿ, ಸುತ್ತ ತಂತಿಬೇಲಿ ಹಾಕಿ ವಿಮಾನದ ದಾರಿ ಮಾಡಿತು. ಮೊದಲು ಹುಡುಗರಿಗೆ ವಿಮಾನ ಹಾರಿಸಲು ಕಲಿಸುವ ಶಾಲೆ. ಮುಂದೆ ದೊಡ್ಡ ನಿಲ್ದಾಣವಾಗಿ ಅಥಣಿ ಕಡೆಯ ದ್ರಾಕ್ಷಿ ನೇರ ದುಬೈಗೆ ಹಾರುತ್ತದೆ ಎಂದರು. ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ? ಊರಿನ ಹೆಸರು ನಕಾಶೆಯಲ್ಲಿ ಬರುತ್ತದೆಯಲ್ಲ. ಕಲ್ಲು ಮಣ್ಣಿನ ಗುತ್ತಿಗೆ ಹಿಡಿದವರು ನಮ್ಮೂರಿನ ಬಾಬಾಸಾಹೇಬ ಸಾವಕಾರರು. ಕಬ್ಬು ಅವರದು, ದ್ರಾಕ್ಷಿ ಅವರದು, ಪಂಚಾಯತಿಯಲ್ಲಿ ಮಾತೂ ಅವರದೇ. ಕೆಟ್ಟವರೆಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ನನ್ನ ನಾಲಿಗೆಗೆ ಸುಲಭ. ಆದರೆ ಹಟ್ಟಿಯ ಹುಡುಗನಿಗೆ ಹಾವು ಕಚ್ಚಿದಾಗ ತಮ್ಮ ಜೀಪಿನಲ್ಲಿ ರಾಯಬಾಗಕ್ಕೆ ಒಯ್ದವರೂ ಅವರೇ.

ಹೋದ ಮಳೆಗಾಲದಲ್ಲಿ ಹಳ್ಳದ ನೀರಿನ ಮೇಲೆ ಬಣ್ಣಬಣ್ಣದ ಜಿಡ್ಡು ತೇಲಿತು. ವಿಮಾನ ತೊಳೆದ ನೀರು, ಚೆಲ್ಲಿದ ಎಣ್ಣೆ ಎಲ್ಲ ಒಂದು ಗಟಾರಿನಲ್ಲಿ ಹಳ್ಳಕ್ಕೆ ಬರುತ್ತಿದೆಯೆಂದು ಹಟ್ಟಿಯವರು ಗೊಣಗಿದರು. ಗೊಣಗುವುದು ಗಲಾಟೆಯಾಗುವ ಮೊದಲೇ ಸಾವಕಾರರು ಮನೆಗೊಬ್ಬ ಯಜಮಾನನನ್ನು ಸಿದ್ಧನ ಗುಡಿಗೆ ಕರೆಸಿದರು.

"ಗಟಾರ ನಾ ದುರಸ್ತಿ ಮಾಡಸ್ತೀನಿ. ತಾರಿನ ಬೇಲ್ಯಾಗ ನಿಮ್ಮ ಕುರಿ ಹೋಗೂ ಬಾಗಲಾನೂ ತೆರದ ಇಡಸ್ತೀನಿ. ನೀವೂ ಒಂದ ಮಾತ ಕೊಡ್ರಿ. ವಿಮಾನದ ಮಂದಿದಾಗ್ಲಿ, ಅವರ ನೀರಿಂದಾಗ್ಲಿ ಹೊರಗಿನವ್ರ ಮುಂದ ದೂರು ಹೇಳಬ್ಯಾಡ್ರಿ."

ಆ ಬಾಗಿಲು ಮುಚ್ಚಿದರೆ ಬೇಲಿಯಾಚೆಯ ಮೇವಿಗೆ ಕುರಿಗೆ ನೇರ ದಾರಿಯಿಲ್ಲ. ಯಜಮಾನರೆಲ್ಲ ಭಂಡಾರ ಮುಟ್ಟಿದರು, ಮಲಕಾರಿಯೂ ಮುಟ್ಟಿದ.

ಭಂಡಾರ ಅಂದರೆ ಸಿದ್ಧನ ಪಾದದ ಅರಿಸಿನ ಪುಡಿ. ಕೋರ್ಟಿನ ಕಾಗದಕ್ಕೆ ಹೆದರದವನೂ ಅದಕ್ಕೆ ಹೆದರುತ್ತಾನೆ. ಪೂಜಾರಿ ಮುರಗೆಪ್ಪ ಹಣೆಗೆ ಹಚ್ಚುವಾಗ ಪ್ರತಿಯೊಬ್ಬನಿಗೂ ಹೇಳಿದ್ದು ಇದು: "ಈ ಆಣಿ ನಿನ್ನ ಒಲಿ ರೊಟ್ಟಿ ತಿನ್ನಾವ್ರ ಎಲ್ಲಾರ ಮ್ಯಾಲೂ ಐತಿ. ತಪ್ಪಿದ್ರ ಆ ಒಲಿ ಮಂದ್ಯಾಗ ಎಲ್ಲಾಕಿಂತ ಸಣ್ಣ ಜೀವದ ಮ್ಯಾಲೆ ಬೀಳತೈತಿ." ಒಲೆಯೇ ಲೆಕ್ಕ. ದಾರಿಯಲ್ಲಿ ಬೇಡಿ ತಿಂದ ರೊಟ್ಟಿ ಲೆಕ್ಕಕ್ಕಿಲ್ಲ. ಅದನ್ನೂ ಹಿಡಿದರೆ, ಊರೂರು ತಿರುಗಿ ರೊಟ್ಟಿ ಬೇಡುವ ಕುರಿಗಾರರಿಂದಾಗಿ ಅರ್ಧ ರಾಯಬಾಗ ತಾಲೂಕು ಸಿದ್ಧನ ಆಣೆಗೆ ಸಿಕ್ಕಿಬೀಳುತ್ತಿತ್ತು.

ಗಟಾರ ದುರಸ್ತಿಯಾಗಲಿಲ್ಲ. ಬಾಗಿಲು ಮಾತ್ರ ತೆರೆದಿತ್ತು.

ಕೋಮಲ ಬಸುರಿಯಾಗಿ ತವರಿಗೆ ಬಂದವಳು ಮೊದಲ ತಂಬಿಗೆಯಲ್ಲೇ ಮುಖ ಕಿವುಚಿದಳು. "ಅವ್ವಾ, ನೀರ ಚಿಮಣಿ ಎಣ್ಣಿ ನಾರತೈತಿ." ಎಲ್ಲರೂ ನಕ್ಕರು. ಬಸುರಿಯ ಮೂಗಿಗೆ ಬೆಲ್ಲವೂ ನಾರುತ್ತದೆ ಎಂದರು. ನಾನೂ ಒಂದು ಮಾತು ಸೇರಿಸಿದ್ದೆ. ಆಮೇಲೆ ಹಟ್ಟಿಯ ಗಬ್ಬದ ಕುರಿಗಳು ಕಂದು ಹಾಕತೊಡಗಿದವು, ದಿನ ತುಂಬುವ ಮೊದಲೇ ಸತ್ತ ಮರಿ. ಮೊದಲು ಅವರ ಮನೆಯ ಹಂಡಕುರಿ, ಆಮೇಲೆ ಪಕ್ಕದವರದು, ಆಮೇಲೆ ಸಾಲಾಗಿ. ಕುರಿಗಳು ಕುಡಿಯುತ್ತಿದ್ದುದು ಹಳ್ಳದ ನೀರು, ಮನುಷ್ಯರು ಕುಡಿಯುತ್ತಿದ್ದುದು ಹಳ್ಳದ ದಂಡೆಯ ಬಾವಿಯ ನೀರು. ಸತ್ತ ಮರಿಯನ್ನು ಬುಟ್ಟಿಯಲ್ಲಿ ಹೊತ್ತು ಹೂಳಲು ಹೊರಟ ತಾರವ್ವ ಹಿಂದಿರುಗಿ ನೋಡಿದರೆ, ಕೋಮಲ ಹೊಸ್ತಿಲಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳಂತೆ. ಅವತ್ತೇ ಅವಳಿಗೆ ಜೀವ ಹಾರಿತು.

ಮಗಳನ್ನು ಗಂಡನ ಮನೆಗೆ ಕಳಿಸೋಣವೆಂದರೆ ಆ ಮನೆಗೆ ಬೀಗ. ಗಂಡ, ಅತ್ತೆ, ಮಾವ ಕುರಿ ಹೊಡೆದುಕೊಂಡು ಕೃಷ್ಣೆಯ ಕಡೆ ಹೋಗಿದ್ದರು. ತಾರವ್ವ ನನ್ನ ಗಿರಣಿಯ ನಳದಿಂದ ಕೊಡ ಹೊತ್ತು ಮಗಳಿಗೆ ನೀರು ಒಯ್ಯತೊಡಗಿದಳು. ಆದರೆ ಹಟ್ಟಿಯಲ್ಲಿ ಬಸುರಿ ಕೋಮಲ ಒಬ್ಬಳೇ ಅಲ್ಲ. ಎಲ್ಲರ ನೀರನ್ನೂ ಯಾರು ಹೊರುತ್ತಾರೆ? ಅದೂ ಅಲ್ಲದೆ ಒಂದು ಕೊಡ ತಂದರೂ ಸ್ನಾನಕ್ಕೆ, ಪಾತ್ರೆಗೆ ಬಾವಿಯೇ ಗತಿ.

ಅಷ್ಟರಲ್ಲಿ ಸುದ್ದಿ ಬಂತು. ನಿಲ್ದಾಣ ದೊಡ್ಡದು ಮಾಡಲು ಹೊರದೇಶದ ಬ್ಯಾಂಕು ಸಾಲ ಕೊಡುತ್ತದೆ. ಅದಕ್ಕೆ ಮೊದಲು ಅವರ ಮಂದಿ ಬಂದು ಸುತ್ತಲಿನ ನೆಲ, ನೀರು, ಜನ ಎಲ್ಲಕ್ಕೂ ಏನಾದರೂ ತೊಂದರೆ ಇದೆಯೇ ಎಂದು ಕೇಳುತ್ತಾರೆ. ಆ ನೀರು ಕುಡಿಯುವ ಹಟ್ಟಿಯವರೇ ಹೇಳಬೇಕು, ನಳದ ನೀರಿನ ನನ್ನಂಥವರ ಮಾತು ನಡೆಯುವುದಿಲ್ಲ. ತೊಂದರೆ ಹೇಳಿದರೆ ಸರಿಪಡಿಸುವವರೆಗೆ ಕೆಲಸ ನಿಲ್ಲುತ್ತದೆ. ಯಾರೂ ಹೇಳದಿದ್ದರೆ ತೊಂದರೆ ಇಲ್ಲವೆಂದೇ ಲೆಕ್ಕ, ಗಟಾರ ಇನ್ನೂ ಅಗಲವಾಗುತ್ತದೆ.

ತಾರವ್ವ ಸಾವಕಾರರ ಮನೆಗೆ ಹೋಗಿ ಆಣೆ ಬಿಡಿಸಿಕೊಡಿ ಎಂದು ಕಾಲು ಹಿಡಿದಳು. ಮಾತು ಕೊಟ್ಟವನು, ಪಡೆದವನು ಇಬ್ಬರೂ ಒಪ್ಪಿದರೆ ಭಂಡಾರ ಬಿಡುಗಡೆ ಮಾಡಬಹುದು. ಸಾವಕಾರರು, "ಅರೆ ತಾರವ್ವಾ, ಬ್ಯಾಂಕಿನವ್ರು ಬಂದ ಹೋಗ್ಲಿ, ಮಗ ನೋಡೂಣು" ಎಂದರು. ಮರಾಠಿ ಬಾಯಿಯ 'ಮಗ' ಅಂದರೆ ಆಮೇಲೆ. ಆ 'ಆಮೇಲೆ' ಯಾವತ್ತೂ ಬರುವುದಿಲ್ಲವೆಂದು ಹಟ್ಟಿಯ ನಾಯಿಗೂ ಗೊತ್ತಿತ್ತು.

ಈಗ ಅವಳ ಸಂಕಟ ನೋಡಿ. ಸುಮ್ಮನಿದ್ದರೆ ನೀರು ಮಗಳ ಹೊಟ್ಟೆಯ ಕೂಸನ್ನು ತಿನ್ನುತ್ತದೆ. ಬಾಯಿಬಿಟ್ಟರೆ ಗಂಡನ ಆಣೆ ಮುರಿದು ಸಿದ್ಧನ ಸಿಟ್ಟು ಆ ಒಲೆಯ ಅತಿ ಸಣ್ಣ ಜೀವದ ಮೇಲೆ ಬೀಳುತ್ತದೆ. ಆ ಸಣ್ಣ ಜೀವವೂ ಅದೇ ಕೂಸು. ಇದೆಲ್ಲ ಮೂಢನಂಬಿಕೆ ಎಂದು ಪಟ್ಟಣದಲ್ಲಿ ಕೂತವರು ಹೇಳಬಹುದು. ಅವರ ಮಗಳು ಆ ಹೊಸ್ತಿಲಲ್ಲಿ ಕೂತಿರಲಿಲ್ಲ.

ಅದಕ್ಕೇ ತಾರವ್ವ ಮುರಗೆಪ್ಪನನ್ನು ಕೇಳಿದಳು: ಒಲೆ ಬೇರೆಯಾದರೆ? ಮುದುಕ ಬಹಳ ಹೊತ್ತು ತಲೆ ಕೆರೆದುಕೊಂಡ. "ಒಲಿ ಬ್ಯಾರೆ ಆದ್ರ ಮನಿ ಬ್ಯಾರೆ, ಆಣಿನೂ ಮುಟ್ಟೂದಿಲ್ಲ. ಆದ್ರ ಅದು ಖರೇನ ಬ್ಯಾರೆ ಆಗಿರಬೇಕು. ಮಂದಿ ಕೇಳಿದಾಗ ಮಲಕಾರಿ ತನ್ನ ಬಾಯಿಲೆ ಒಪ್ಪಬೇಕು. ಸೋಗು ಅಂದ್ನೋ, ತೀರ್ತು. ಮತ್ತ ಒಮ್ಮೆ ಬ್ಯಾರೆ ಆದ ಒಲಿ ಆಣಿ ಇರೂತನಕ ಕೂಡಂಗಿಲ್ಲ."

ಮನೆಯ ಮುಂದಿನ ಬೇವಿನ ಕೆಳಗೆ ಮೂರು ಕಲ್ಲು ಹೂಡಿ ತಾರವ್ವ ತನಗೂ ಮಗಳಿಗೂ ರೊಟ್ಟಿ ಬಡಿದಳು. ಕುರಿ ಮೇಯಿಸಿ ಬಂದ ಮಲಕಾರಿ ನೋಡಿ ಸಿಡಿದ. ಅವನ ಗಂಟಲು ಅಷ್ಟು ದೊಡ್ಡದೆಂದು ಹಟ್ಟಿಗೆ ಅವತ್ತೇ ಗೊತ್ತಾದದ್ದು.

"ಸಿದ್ಧಗ ಮಕ್ಕರ ಮಾಡ್ತಿ ಏನ? ನನ್ನ ಜೋಡಿ ಬಾಳೇವು ಮಾಡಿದ್ದು ಮೂರ ಕಲ್ಲಿಗೆ ಮುಗೀತೇನ?"

"ಮಕ್ಕರ ಅಲ್ಲ. ಖರೇನ ಬ್ಯಾರೆ ಆಗೇನಿ. ನಿನ್ನ ಮಾತ ನೀ ಉಳಿಸ್ಕೋ, ನನ್ನ ಕೂಸಿನ್ನ ನಾ ಉಳಿಸ್ಕೋತೀನಿ."

ಅವನು ಒಳಗೆ ಹೋಗಿ ಕದ ಹಾಕಿಕೊಂಡ. ಮರುದಿನವೇ ಅವಳು ಎರಡು ಚೀಲ ಹಿಡಿದು ನನ್ನ ಗಿರಣಿಗೆ ಬಂದದ್ದು.

ಸಣ್ಣ ಚೀಲದ ಹಿಟ್ಟನ್ನು ನಾನೇ ಒಯ್ದು ಕೊಟ್ಟೆ. ಮಲಕಾರಿ ಅದನ್ನು ಹಿಡಿದು, "ಜ್ಞಾನದೇವಾ, ಹಿಟ್ಟ ಕಲಸೂ ನೀರ ಕಾಸಬೇಕೋ, ತಣ್ಣಗ ಹಾಕಬೇಕೋ?" ಎಂದು ಕೇಳಿದ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಸಿಟ್ಟು ಬಂತು. ಸಿಟ್ಟು ನನಗೆ ಯಾವತ್ತೂ ಕೈಗೆ ಎಟುಕುವಲ್ಲೇ ಇರುತ್ತದೆ.

"ಹಾಳಾದ ಮಾತ ಮುರದ ಒಗಿ ಲೇ! ಅವ್ರು ಗಟಾರದ ಮಾತ ಉಳಿಸ್ಯಾರೇನ? ನೀ ಒಬ್ಬಾವ ಹರಿಶ್ಚಂದ್ರ ಹುಟ್ಟೀದಿ?"

"ಅವ್ರ ಮಾತ ಅವ್ರಿಗೆ. ನಾ ಮುರದ್ರ ನನಗೇನ ಆಗೂದಿಲ್ಲ ಜ್ಞಾನದೇವಾ. ಆ ಕೂಸಿಗೆ ಆಗತೈತಿ." ಅವನ ಗಡ್ಡದಲ್ಲಿ ಹಿಟ್ಟು ಮೆತ್ತಿತ್ತು. ನೀರು ಕಾಸಿಯೇ ಕಲಸಬೇಕೆಂದು ಹೇಳಿ ಬಂದೆ.

ಬ್ಯಾಂಕಿನವರು ಬರುವ ಹಿಂದಿನ ಸಂಜೆ ಸಾವಕಾರರು ಮಲಕಾರಿಯನ್ನು ಗಿರಣಿಯ ಮುಂದೆಯೇ ನಿಲ್ಲಿಸಿ ಮಾತಾಡಿದರು. ಹೆದರಿಸಲಿಲ್ಲ. ಹೆಗಲ ಮೇಲೆ ಕೈಯಿಟ್ಟು, "ನಾಳೆ ಯಾರರೆ ಕೇಳಿದ್ರ ಖರೇ ಅದ ಹೇಳು. ಗಂಡಾ ಹೇಂತಿ ಜಗಳ ಇದು, ಎರಡ ದಿನದ ಸೋಗು ಅಂತ. ಇಷ್ಟ ವರ್ಷ ಬಾಳೇವು ಮಾಡಿದಾಕಿನ್ನ ನನ್ನಾಕಿ ಅಲ್ಲ ಅಂತ ಸಿದ್ಧನ ಮುಂದ ಹ್ಯಾಂಗ ಹೇಳ್ತಿ?" ಎಂದರು. ಸಾವಕಾರರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಅದೇ ನನ್ನ ನಿದ್ದೆ ಕೆಡಿಸಿತು.

ಮರುದಿನ ಸಿದ್ಧನ ಗುಡಿಯ ಮುಂದೆ ಶಾಮಿಯಾನ ಹಾಕಿದ್ದರು. ಬ್ಯಾಂಕಿನ ಮೇಡಂ ಒಬ್ಬರು, ಅವರ ಮಾತನ್ನು ಕನ್ನಡಕ್ಕೆ ತರಲು ಬೆಳಗಾವಿಯ ಒಬ್ಬ ತರುಣ. ಅವನು ಎದ್ದು ನಿಂತು, "ಈ ಯೋಜನೆಯಿಂದ ತಮ್ಮ ಜೀವನೋಪಾಯದ ಮೇಲೆ ಯಾವುದಾದರೂ ಪ್ರತಿಕೂಲ ಪರಿಣಾಮ ಉಂಟಾಗಿದೆಯೇ?" ಎಂದ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನಿಂದ ನಾನೇ ಕೂಗಿದೆ: "ವಿಮಾನದಿಂದ ಏನರೆ ತ್ರಾಸ ಐತೇನ ಅಂತ ಕೇಳಾಕತ್ತಾರ!"

ಹಟ್ಟಿಯ ಯಜಮಾನರೆಲ್ಲ ನೆಲ ನೋಡುತ್ತಿದ್ದರು. ಬೆಳಿಗ್ಗೆ ಪೂಜೆಗೆ ಹಚ್ಚಿದ ಭಂಡಾರ ಎಲ್ಲರ ಹಣೆಯ ಮೇಲೂ ಇತ್ತು. ಮೇಡಂ ಮತ್ತೊಮ್ಮೆ ಕೇಳಿದರು. ತರುಣ ಬರೆದುಕೊಳ್ಳಲು ಪೆನ್ನು ತೆಗೆದ. ತೊಂದರೆ ಇಲ್ಲ ಎಂದೇ ಬರೆಯುತ್ತಾನೆಂದು ನಾನು ಕತ್ತು ಚಾಚಿ ನೋಡಿದೆ.

ಹೆಂಗಸರ ಸಾಲಿನಿಂದ ತಾರವ್ವ ಎದ್ದಳು. "ನಾ ಹೇಳ್ತೀನ್ರಿ."

"ಕುಂಡ್ರ ತಾರವ್ವಾ," ಎಂದರು ಸಾವಕಾರರು. "ನಿನ್ನ ಗಂಡ ಭಂಡಾರ ಮುಟ್ಯಾನ."

"ಆಂವ ಮುಟ್ಯಾನ್ರಿ, ನಾ ಮುಟ್ಟಿಲ್ಲ. ನನ್ನ ಒಲಿ ಬ್ಯಾರೆ."

ಗುಜುಗುಜು ಎದ್ದಿತು. ಬೇವಿನ ಕೆಳಗಿನ ಕಲ್ಲುಗಳನ್ನು ಎಲ್ಲರೂ ನೋಡಿದ್ದರು, ಆದರೆ ಅದು ಖರೆಯೋ ಸೋಗೋ ಯಾರಿಗೂ ಗೊತ್ತಿರಲಿಲ್ಲ. ಮುರಗೆಪ್ಪ ಗುಡಿಯ ಕಟ್ಟೆಯಿಂದ ಎದ್ದು ಭಂಡಾರದ ಬಟ್ಟಲು ಹಿಡಿದು ನಿಂತ. "ಮಲಕಾರಿ, ಸಿದ್ಧನ ಮುಂದ ಹೇಳು. ಈಕಿ ನಿನ್ನ ಮನಿಯಾಕಿ ಹೌದೋ ಅಲ್ಲೋ?"

ಮಲಕಾರಿ ಎದ್ದು ನಿಂತ. ಅದೇ ಹೊತ್ತಿಗೆ ತಲೆಯ ಮೇಲೆ ಒಂದು ವಿಮಾನ ಬಂತು. ಕಲಿಯುವ ಹುಡುಗನೇನೋ, ಇಳಿಯಲು ಬಂದು ಇಳಿಯದೆ ಮತ್ತೆ ಏರಿ ಸುತ್ತು ಹಾಕಿದ. ಆ ಸದ್ದಿನಲ್ಲಿ ಯಾರ ಮಾತೂ ಕೇಳುವಂತಿರಲಿಲ್ಲ, ಎಲ್ಲರೂ ಕಾದೆವು. ತಾರವ್ವ ಗಂಡನನ್ನೇ ನೋಡುತ್ತಿದ್ದಳು. ಕೋಮಲ ತಾಯಿಯ ಸೆರಗು ಹಿಡಿದುಕೊಂಡಿದ್ದಳು. ನಾನು ಮಲಕಾರಿಯ ಬೆರಳು ನೋಡಿದೆ. ರೊಟ್ಟಿ ಬೇಯಿಸಲು ಹೋಗಿ ಸುಟ್ಟುಕೊಂಡ ಬೊಬ್ಬೆಗಳು ಇನ್ನೂ ಹಸಿಯಾಗಿದ್ದವು.

ಸದ್ದು ದೂರವಾಯಿತು.

"ಅಲ್ಲರಿ," ಎಂದ ಮಲಕಾರಿ. ಮತ್ತೆ ಎಲ್ಲರಿಗೂ ಕೇಳುವಂತೆ ಹೇಳಿದ. "ಆಕಿ ಒಲಿ ಬ್ಯಾರೆ, ನನ್ನ ಒಲಿ ಬ್ಯಾರೆ. ಆಕಿ ನನ್ನ ಮನಿಯಾಕಿ ಅಲ್ಲ. ಸೋಗಲ್ಲರಿ. ಖರೇನ."

ಕೂತವನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಹಟ್ಟಿಯ ಗಂಡಸರ ನಡುವೆ ಅವನು ಹಾಗೆ ಅತ್ತದ್ದನ್ನು ನಾನು ನೋಡಿದೆ, ನನ್ನ ಕಣ್ಣೂ ಒದ್ದೆಯಾಯಿತು. ಮುರಗೆಪ್ಪ ಬಟ್ಟಲು ಕೆಳಗಿಟ್ಟು, "ಹೇಳ ಬೇ ತಂಗಿ. ನಿನಗ ಆಣಿ ಇಲ್ಲ" ಎಂದ. ಸಾವಕಾರರು ಎದುರು ಮಾತಾಡಲಿಲ್ಲ. ಅವರೂ ಸಿದ್ಧನ ಒಕ್ಕಲೇ.

ತಾರವ್ವ ಹೇಳಿದಳು. ಗಟಾರ ಎಲ್ಲಿಂದ ಬರುತ್ತದೆ, ಹಳ್ಳಕ್ಕೆ ಎಲ್ಲಿ ಸೇರುತ್ತದೆ, ಬಾವಿ ಅದರಿಂದ ಎಷ್ಟು ಹತ್ತಿರ, ಯಾರ ಯಾರ ಕುರಿ ಕಂದು ಹಾಕಿತು. ಕುರಿಗೆ ಬೈಯುವ ಆ ಗಂಟಲಿನಲ್ಲೇ ಹೇಳಿದಳು, ಆದರೆ ಒಂದು ಬೈಗುಳವಿಲ್ಲ. ಕೊನೆಗೆ, "ನಾ ಓದಿದಾಕಿ ಅಲ್ಲರಿ. ಎಣ್ಣಿಯಿಂದನ ಆತೋ, ಮತ್ತೊಂದರಿಂದ ಆತೋ, ನೀವ ನೋಡಿ ಹೇಳ್ರಿ. ನೋಡೂತನಕ ನಮ್ಮ ಬಸುರ್ಯಾರಿಗೆ ಬ್ಯಾರೆ ನೀರ ಕೊಡ್ರಿ" ಎಂದು ಕೂತಳು. ಮೇಡಂ ಸಭೆ ಬಿಟ್ಟು ಬಾವಿಗೆ ನಡೆದರು. ಬಾಟಲಿಗಳಲ್ಲಿ ಬಾವಿಯ ನೀರು, ಹಳ್ಳದ ನೀರು, ಗಟಾರಿನ ಕೆಸರು ತುಂಬಿಕೊಂಡು ಹೋದರು.

ಕೆಲವೇ ದಿನದಲ್ಲಿ ಹಟ್ಟಿಗೆ ಕಂಪನಿಯ ಟ್ಯಾಂಕರು ಬಂತು. ನೀರಿನಲ್ಲಿ ಎಣ್ಣೆ ಇರುವುದು ಖರೆಯಂತೆ. ವಿಮಾನ ತೊಳೆಯುವಲ್ಲೇ ಎಣ್ಣೆ ಹಿಡಿಯುವ ಗುಂಡಿ ಕಟ್ಟಿ, ಬಾವಿ ಸ್ವಚ್ಛ ಮಾಡುವವರೆಗೆ ದೊಡ್ಡ ನಿಲ್ದಾಣದ ಕೆಲಸಕ್ಕೆ ತಡೆ ಬಿತ್ತು. ತಾರಿನ ಬೇಲಿಯ ಬಾಗಿಲಿಗೆ ಅದೇ ವಾರ ಯಾರೋ ಸರಪಳಿ ಹಾಕಿದರು. ಈಗ ಕುರಿಗಳು ಮುಗಳಖೋಡದ ರಸ್ತೆ ಹಿಡಿದು ಸುತ್ತಿ ಹೋಗಬೇಕು, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ. "ಬಾಗಲಾ ಮುಚ್ಯಾರ, ಈಗರೆ ಆಣಿ ಬಿಡ್ತೋ ಇಲ್ಲೋ?" ಎಂದು ನಾನು ಮಲಕಾರಿಯ ಜೀವ ತಿಂದೆ. ಅವನದು ಅದೇ ಹಾಡು: ಅವರ ಮಾತು ಅವರಿಗೆ, ನನ್ನ ಮಾತು ನನಗೆ. ಕತ್ತೆಗೆ ಹೇಳಿದ್ದರೂ ಕಿವಿ ಅಲ್ಲಾಡಿಸುತ್ತಿತ್ತು.

ಕೋಮಲಗೆ ರಾಯಬಾಗದ ಆಸ್ಪತ್ರೆಯಲ್ಲಿ ಹೆಣ್ಣು ಕೂಸಾಯಿತು. ಹಟ್ಟಿಗೆ ಕರೆತಂದ ದಿನ ಅದರ ಅಳು ಗಿರಣಿಯ ತನಕ ಕೇಳಿತು. ಅಜ್ಜಿಯ ಗಂಟಲೇ ಬಂದಿದೆ ಎಂದು ನನ್ನ ಹೆಂಡತಿ ನಕ್ಕಳು. ನೋಡಲು ಹೋದೆವು. ಬೇವಿನ ಕೆಳಗೆ ತಾರವ್ವ ರೊಟ್ಟಿ ಬಡಿಯುತ್ತಿದ್ದಳು, ಕೋಮಲ ಕೂಸನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಮಲಕಾರಿ ಅಂಗಳದಾಚೆ ಕುರಿಯ ಹಾಗೆ ನಿಂತಿದ್ದ. ಇತ್ತ ಬರುವಂತಿಲ್ಲ, ಅತ್ತ ಹೋಗಲು ಮನಸ್ಸಿಲ್ಲ.

ಬಹಳ ಹೊತ್ತು ನಿಂತು ಅವನು ಹೆಗಲ ಕಂಬಳಿ ತೆಗೆದು ಎರಡೂ ಕೈಯಲ್ಲಿ ಹರಡಿ ಹಿಡಿದ. ಕುರಿ ಹಿಂದೆ ತಿರುಗುವಾಗ ಪರವೂರಿನ ಬಾಗಿಲಲ್ಲಿ ನಿಂತು ಕೂಗುವ ಹಾಗೆ ಕೂಗಿದ: "ಸಿದ್ಧನ ಹೆಸರೀಲೆ ನೀಡ್ರೆವ್ವಾ!"

ತಾರವ್ವ ಹಂಚಿನಿಂದ ಬಿಸಿ ರೊಟ್ಟಿ ಎತ್ತಿದವಳು ಅವನನ್ನು ನೋಡಿದಳು. ರೊಟ್ಟಿ ಬುಟ್ಟಿಗೆ ಹಾಕಿ ಕೈ ಒರೆಸಿಕೊಂಡಳು. ಮಗಳ ಮಡಿಲಿನಿಂದ ಕೂಸನ್ನು ಎತ್ತಿಕೊಂಡು ಹೋಗಿ ಆ ಕಂಬಳಿಯಲ್ಲಿ ಮಲಗಿಸಿದಳು.

"ಹುಷಾರ ಹಿಡಿ. ಬೇಡಿ ತಗೊಂಡಿದ್ದಕ್ಕ ಒಲಿ ಲೆಕ್ಕ ಇಲ್ಲ," ಎಂದಳು. ಆಮೇಲೆ ಒಂದು ರೊಟ್ಟಿಯನ್ನೂ ಅವನ ತೋಳಿನ ಸಂದಿಗೆ ತುರುಕಿದಳು.

ಇವತ್ತಿಗೂ ಆ ಮನೆಯ ಜೋಳ ನನ್ನ ಗಿರಣಿಗೆ ಎರಡು ಚೀಲದಲ್ಲಿ ಬರುತ್ತದೆ. ಸಂಜೆಯಾದರೆ ಮಲಕಾರಿ ಬೇವಿನ ಎದುರು ನಿಂತು ಕೂಗುವುದು, ತಾರವ್ವ ಬೈಯುತ್ತ ನೀಡುವುದು ಹಟ್ಟಿಗೆಲ್ಲ ರೂಢಿಯಾಗಿದೆ. ಸಣ್ಣ ಚೀಲ ಈಗೀಗ ಬಹಳ ಸಣ್ಣದಾಗುತ್ತಿದೆ. ಮೊನ್ನೆ ತಂದದ್ದನ್ನು ಬೀಸಲು ಹೋದರೆ ಕಲ್ಲಿಗೇ ಸಾಲಲಿಲ್ಲ.